ನೂರ ಹದಿನೇಳರ ಗೆರೆ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಗೆರೆಯಮ್ಮ ಎಂದು. ಅಮ್ಮ ಅನ್ನಿಸಿಕೊಳ್ಳುವ ವಯಸ್ಸೇನಲ್ಲ. ಯಂತ್ರಗಳು ಕಾರುವ ಅಂಕಿಗಳನ್ನೆಲ್ಲ ಬಾಚಿ, ಕಸ ತೆಗೆದು, ಪರದೆಯ ಮೇಲೆ ಗೆರೆಗಳಾಗಿ ಎಳೆಯುವ ಪ್ರೋಗ್ರಾಮು ಅವಳು ಬರೆದದ್ದು, ಹಾಗಾಗಿ ಆ ಹೆಸರು ಅಂಟಿಕೊಂಡಿತ್ತು. ಅಲ್ಲಿ ಯಾರ ಕಂಪ್ಯೂಟರು ಮುನಿಸಿಕೊಂಡರೂ ಅವರು ಅವಳ ಕುರ್ಚಿಯ ಹಿಂದೆ ಬಂದು ನಿಲ್ಲುತ್ತಿದ್ದರು.

ಆಗ ನಡೆಯುತ್ತಿದ್ದುದು ಉಸಿರಿನ ಅಧ್ಯಯನ. ಬಟ್ಟೆ ಕಾರ್ಖಾನೆಯ ಹತ್ತಿಯ ಧೂಳು ಹೊಲಿಯುವವರ ಶ್ವಾಸಕೋಶವನ್ನು ಏನು ಮಾಡುತ್ತದೆಂದು ತಿಳಿಯಬೇಕಿತ್ತು. ಮೂರು ತಿಂಗಳಿಗೊಮ್ಮೆ ಅವರು ಬಂದು, ಒಂದು ಕೊಳವೆಗೆ ಬಾಯಿಟ್ಟು ಶಕ್ತಿ ಇರುವಷ್ಟೂ ಊದಬೇಕು. ಎಷ್ಟು ಲೀಟರ್ ಗಾಳಿ ಬಂತೆಂದು ಯಂತ್ರ ಬರೆದುಕೊಳ್ಳುತ್ತದೆ. ಗೆರೆಯಮ್ಮನ ಅಕ್ಕ ಅಂಥದ್ದೇ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದಳು. ತಂಗಿಯ ಕಾಟ ತಾಳಲಾರದೆ ಅವಳೂ ಸೇರಿಕೊಂಡಳು. ಹೆಸರು ಬಚ್ಚಿಟ್ಟು ಬರೀ ಸಂಖ್ಯೆ ಕೊಡುವುದು ಅಲ್ಲಿನ ನಿಯಮ. ಆದರೆ ಅಕ್ಕನ ಬಾಯಲ್ಲಿ ಯಾವ ಗುಟ್ಟು ತಾನೇ ನಿಂತಿತ್ತು? ಮೊದಲ ದಿನವೇ ಹೊರಗೆ ಬಂದು ಹೇಳಿಬಿಟ್ಟಳು: "ನಿಮ್ಮಲ್ಲಿ ನಾನು ಬರೀ ನೂರ ಹದಿನೇಳು ಕಣೇ. ಸಂಬಳದ ಚೀಟೀಲಾದ್ರೂ ಹೆಸರಿರುತ್ತೆ."

ಎರಡನೇ ಸಲ ಊದುತ್ತಿದ್ದಾಗ ನಡುವೆ ನಗು ಉಕ್ಕಿ, ಕೊಳವೆಯೆಲ್ಲ ಜೊಲ್ಲಾಗಿ, ಬೈಸಿಕೊಂಡು ಮತ್ತೆ ಊದಿದಳಂತೆ. ಎರಡು ಪಾಯಿಂಟ್ ಎಂಟು ಲೀಟರ್ ಬಂತು. ಮೂರನೇ ಸಲಕ್ಕೆ ಅಕ್ಕ ಇರಲಿಲ್ಲ. ಕೆಲಸ ಮುಗಿಸಿ ರಸ್ತೆ ದಾಟುವಾಗ ಲಾರಿ ಹೊಡೆಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಗೆರೆಯಮ್ಮ ಅಳಲಿಲ್ಲ. ಕಲ್ಲು ಮನಸ್ಸಿನವಳೆಂದು ನೆಂಟರು ಮೂಗು ಮುರಿದರು, ಅದೂ ಅವಳಿಗೆ ತಟ್ಟಲಿಲ್ಲ. ರಜೆ ಮುಗಿದ ದಿನ ಬಸ್ಸು ಹತ್ತಿ ಕೆಲಸಕ್ಕೆ ಬಂದಳು. ಮಧ್ಯಾಹ್ನ ಡಬ್ಬಿ ತೆರೆದಳು, ತಿಂದಳು, ತೊಳೆದಿಟ್ಟಳು. ಏನು ತಿಂದೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ದುಃಖವೆಂದರೆ ಎದೆ ಒಡೆಯುವುದು ಎಂದು ಯಾರು ಹೇಳಿದರೋ ಕಾಣೆ. ಅವಳಿಗೆ ಮರಗಟ್ಟಿತ್ತು, ಬಹಳ ಹೊತ್ತು ಮಡಿಸಿ ಕೂತ ಕಾಲಿನ ಹಾಗೆ.

ಇನ್ನು ಪ್ರೋಗ್ರಾಮಿನ ವಿಷಯ. ಯಾರಾದರೂ ಒಂದು ಸಲ ತಪ್ಪಿಸಿಕೊಂಡರೆ ಅವರ ಸಾಲಿನಲ್ಲಿ ಒಂದು ಚೌಕ ಖಾಲಿ ಉಳಿಯುತ್ತದೆ, ಲೆಕ್ಕ ಅಲ್ಲೇ ಮುಗ್ಗರಿಸುತ್ತದೆ. ಅದಕ್ಕಾಗಿ ಅವಳೇ ಒಂದು ನಿಯಮ ಬರೆದಿದ್ದಳು: ಬರದವರ ಚೌಕಕ್ಕೆ, ಅವರು ಕೊನೆಯ ಸಲ ಊದಿದ್ದನ್ನೇ ತುಂಬು. ನೆಗಡಿ, ಊರಿಗೆ ಹೋಗಿದ್ದೆ ಎನ್ನುವವರಿಗೆ ಅಷ್ಟು ಸಾಕಿತ್ತು. ಸಾಯುವವರು ಅವಳ ನೆನಪಿಗೆ ಬಂದಿರಲಿಲ್ಲ.

ಬನ್ನಿ ಎಂದು ಜ್ಞಾಪಿಸುವ ಗುಮಾಸ್ತ ಅಕ್ಕನ ಮನೆಗೆ ಫೋನ್ ಮಾಡಿದಾಗ, ಭಾವ "ಹೊರಗೆ ಹೋಗಿದ್ದಾಳೆ" ಎಂದು ಇಟ್ಟುಬಿಟ್ಟಿದ್ದರು. ಗುಮಾಸ್ತ ಗೈರುಹಾಜರಿ ಹಾಕಿದ. ಪ್ರೋಗ್ರಾಮು ತನ್ನ ಪಾಡಿಗೆ ನೂರ ಹದಿನೇಳರ ಮೂರನೇ ಚೌಕಕ್ಕೆ ಎರಡು ಪಾಯಿಂಟ್ ಎಂಟು ತುಂಬಿತು. ನಾಲ್ಕನೇ ಸಲವೂ ಅದೇ. ಗೆರೆಯಮ್ಮ ನೋಡಿದಳು. ತಪ್ಪೆಂದು ಗೊತ್ತಿತ್ತು. ಬೆಳಗ್ಗೆ ಬಂದವಳೇ ಆ ಗೆರೆ ತೆರೆದು, ಇನ್ನೂ ಸಾಗುತ್ತಿದೆಯೆಂದು ಕಂಡು, ಮುಚ್ಚಿ, ಬೇರೆ ಕೆಲಸ ಹಿಡಿಯುತ್ತಿದ್ದಳು. ಖುಷಿಯೂ ಇಲ್ಲ, ಸಂಕಟವೂ ಇಲ್ಲ. ಸುಮ್ಮನೆ ಬಿಟ್ಟಿದ್ದಳು, ಅಷ್ಟೇ.

ವರದಿ ಕಳಿಸುವ ವಾರ, ಅಧ್ಯಯನದ ಮುಖ್ಯಸ್ಥೆ ಮೇಡಂ ಬಂದು ಅವಳ ಪಕ್ಕ ಕೂತರು. ಒಟ್ಟಾರೆ ಉಸಿರು ಅಷ್ಟೇನೂ ಇಳಿದಿಲ್ಲವೆಂದು ಲೆಕ್ಕ ಹೇಳುತ್ತಿತ್ತು. ವರದಿ ಹೀಗೇ ಹೋದರೆ ಕಾರ್ಖಾನೆಗಳು ಧೂಳು ಎಳೆಯುವ ಫ್ಯಾನ್ ಹಾಕಿಸುವ ಮಾತೇ ಇಲ್ಲ. ಮೇಡಂ ಒಂದೊಂದೇ ಗೆರೆ ತೆರೆಸಿದರು. ಇಳಿಜಾರು ಗೆರೆಗಳ ನಡುವೆ ಕೆಲವು ಹಲಗೆ ಇಟ್ಟಂತೆ ಮಟ್ಟಸವಾಗಿದ್ದವು. ಕಾಯಿಲೆ ಬಿದ್ದು ಬರಲಾರದವರೂ ಇವರಲ್ಲಿರಬಹುದು, ಅವರು ಗಟ್ಟಿಮುಟ್ಟಾಗಿದ್ದಾರೆಂದು ನಾವೇ ಸುಳ್ಳು ಹೇಳಿದ ಹಾಗಾಗುತ್ತದೆ ಎಂದರು. ಆಮೇಲೆ ಒಂದು ಗೆರೆಯ ಮೇಲೆ ಬೆರಳಿಟ್ಟು, ಮೊದಲು ಇವರ ಮನೆಗೆ ಫೋನ್ ಮಾಡಿಸು ಎಂದರು.

"ಅದು ನಮ್ಮಕ್ಕ, ಮೇಡಂ."

ಮೇಡಂ ಬೆರಳು ತೆಗೆದರು. ಅಕ್ಕ ಹೋದದ್ದು ಅವರಿಗೆ ಗೊತ್ತಿತ್ತು, ರಜೆಗೆ ಸಹಿ ಹಾಕಿದವರೇ ಅವರು. ಈ ಗೆರೆ ಅವಳದೆಂದು ಗೊತ್ತಿರಲಿಲ್ಲ. ಬೈಯುತ್ತಾರೆಂದುಕೊಂಡಳು, ಬೈಯಲಿಲ್ಲ. ಸಾವು ಮನೆಯವರ ಬಾಯಿಂದಲೇ ದಾಖಲಾಗಬೇಕಲ್ಲ, ಗುಮಾಸ್ತನ ಕೈಲಿ ಕೇಳಿಸಲೇ ಎಂದರು. ನಾನೇ ಕೇಳುತ್ತೇನೆ ಎಂದಳು ಗೆರೆಯಮ್ಮ.

ಉಸಿರಿನ ಅಧ್ಯಯನದಿಂದ ಎಂದದ್ದೇ ತಡ, ಆ ಕಡೆಯಿಂದ ಭಾವ "ಹೊರಗೆ ಹೋಗಿದ್ದಾಳೆ ಕಣ್ರೀ" ಎಂದರು.

"ಭಾವ, ನಾನು."

ಅಲ್ಲಿ ನಲ್ಲಿ ಸುರಿಯುವ ಸದ್ದು ಕೇಳುತ್ತಿತ್ತು. ಅವರು ಅದನ್ನು ನಿಲ್ಲಿಸಿದರು. ಅವಳು ಎಲ್ಲವನ್ನೂ ಹೇಳಿದಳು. ನೀವು ಹೇಳಿದರೆ ಬರೆದುಕೊಳ್ಳುತ್ತೇನೆ, ಹೇಳದಿದ್ದರೆ ಮುಂದಿನ ಸಲವೂ ಅವಳು ಊದಿದಳೆಂದೇ ಬರುತ್ತದೆ ಎಂದಳು.

"ಎಷ್ಟು ಊದಿದ್ಲು?"

"ಎರಡು ಪಾಯಿಂಟ್ ಎಂಟು."

"ಅದು ಚೆನ್ನಾಗಿದ್ಯಾ?"

"ಅಷ್ಟು ವರ್ಷ ಧೂಳು ಕುಡಿದವಳಿಗೆ ಚೆನ್ನಾಗೇ ಇದೆ, ಭಾವ."

ಭಾವ ಆ ಅಂಕಿಯನ್ನು ತಾವೂ ಒಮ್ಮೆ ಹೇಳಿಕೊಂಡರು. ಆಮೇಲೆ, "ಬರ್ಕೊಳ್ಳಮ್ಮ. ತೀರ್ಕೊಂಡ್ಳು ಅಂತ ಬರ್ಕೋ" ಎಂದರು. ಅವರು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಗೆರೆಯಮ್ಮ ತಾರೀಖು ಹಾಕಿದಳು, ನಿಯಮ ತಿದ್ದಿದಳು. ಪ್ರೋಗ್ರಾಮಿನಲ್ಲಿ ಏನೇ ಬದಲಿಸಿದರೂ, ಯಾಕೆ ಬದಲಿಸಿದೆ ಎಂದು ಅದು ಒಂದು ಸಾಲು ಕೇಳುತ್ತದೆ. ಯಾವಾಗಲೂ 'ಸಣ್ಣ ತಿದ್ದುಪಡಿ' ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದವಳು ಆ ದಿನ ಬರೆದಳು: ಸತ್ತವರ ಉಸಿರನ್ನು ಮುಂದಕ್ಕೆ ಒಯ್ಯಬಾರದು. ನೂರ ಹದಿನೇಳರ ಗೆರೆ ಎರಡನೇ ಚುಕ್ಕೆಗೆ ನಿಂತಿತು.

ಆಗ ಅವಳು ಅತ್ತಿದ್ದರೆ ಕಥೆಗೆ ಚೆನ್ನಾಗಿರುತ್ತಿತ್ತು. ಅಳು ಬರಲಿಲ್ಲ. ಮಟ್ಟಸವಾದ ಗೆರೆಗಳು ಇನ್ನೂ ಉಳಿದಿದ್ದವು. ಗುಮಾಸ್ತನಿಂದ ನಂಬರು ಇಸಿದುಕೊಂಡು ಮುಂದಿನ ಮನೆಗೆ ಫೋನ್ ಮಾಡಿದಳು. ಎತ್ತಿದ್ದು ವಯಸ್ಸಾದ ಒಬ್ಬ ಹೆಂಗಸು. ಉಸಿರಿನ ಅಧ್ಯಯನ ಎಂದ ಕೂಡಲೇ ಆಕೆ ಅವಸರವಾಗಿ, "ಅವನು ಹೊರಗೆ ಹೋಗಿದಾನಮ್ಮ" ಎಂದರು.

ಗೆರೆಯಮ್ಮನಿಗೆ ಆ ಮಾತು ಗೊತ್ತಿತ್ತು. ಕಣ್ಣಲ್ಲಿ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳದೆ, ಫೋನನ್ನೂ ಇಡದೆ, ಆಕೆ ಮತ್ತೆ ಮಾತಾಡುವವರೆಗೆ ಕಾದಳು.