ಸಿಕ್ಕ ಮಗುವನ್ನು ಹುಡುಕುತ್ತಿರುವವರು

ನನ್ನ ತಮ್ಮನ ಮಗಳು ಕಳೆದುಹೋದಳು. ಅರ್ಧ ಗಂಟೆಯೊಳಗೆ ಸಿಕ್ಕಳು. ಆದರೂ ಜನ ಅವಳನ್ನು ಇವತ್ತಿಗೂ ಹುಡುಕುತ್ತಲೇ ಇದ್ದಾರೆ.

ತಮಾಷೆ ಮಾಡುತ್ತಿಲ್ಲ. ಪಾವಗಡದಲ್ಲಿ ಹುಡುಕುತ್ತಿದ್ದಾರೆ, ಶಿರಾದಲ್ಲಿ ಹುಡುಕುತ್ತಿದ್ದಾರೆ, ಗಡಿ ದಾಟಿ ಆಂಧ್ರದಲ್ಲೂ ಹುಡುಕುತ್ತಿದ್ದಾರೆ. ಹುಡುಗಿ ಮಾತ್ರ ಮಧುಗಿರಿಯ ನಮ್ಮ ಮನೆಯಲ್ಲಿ ಕೂತು ಚಕ್ಕುಲಿ ತಿನ್ನುತ್ತಾ ಸೋಫಾದ ಸಂದಿಗೆಲ್ಲ ಚೂರು ಉದುರಿಸುತ್ತಿದ್ದಾಳೆ. ನನಗೋ ಈ ವಾರವಿಡೀ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಮೊದಲಿನಿಂದ ಹೇಳುತ್ತೇನೆ. ಒಂದು ಶುಕ್ರವಾರ ಗೊರವನಹಳ್ಳಿ ಲಕ್ಷ್ಮಿಯ ದರ್ಶನಕ್ಕೆ ಹೋಗಿದ್ದೆವು. ನಾನು, ದೊಡ್ಡಮ್ಮ, ಶಿರಾ ಕಡೆ ತೋಟ ಮಾಡಿಕೊಂಡಿರುವ ತಮ್ಮ ಮಂಜುನಾಥ, ಅವನ ಹೆಂಡತಿ ಸುಧಾ, ಮಗಳು ಧನ್ವಿ. ಅವಳಿಗೆ ಐದು ವರ್ಷ. ಶುಕ್ರವಾರದ ಜನ ಹೇಗಿರುತ್ತದೆ ಅಂತ ಗೊತ್ತಲ್ಲ? ದರ್ಶನ ಮುಗಿಸಿ ಚಪ್ಪಲಿ ಹಾಕಿಕೊಳ್ಳುವಾಗ ನೋಡಿದರೆ ಮಗು ಇಲ್ಲ. ಅತ್ತೆ ಕೈ ಹಿಡಿದುಕೊಂಡಿದ್ದಾಳೆ ಎಂದು ಸುಧಾ, ಅಪ್ಪನ ಹೆಗಲ ಮೇಲಿದ್ದಾಳೆ ಎಂದು ನಾನು, ಅಮ್ಮನ ಸೆರಗು ಹಿಡಿದಿದ್ದಾಳೆ ಎಂದು ಮಂಜುನಾಥ. ಇಷ್ಟು ಜನ ದೊಡ್ಡವರಿದ್ದು ಒಬ್ಬರೂ ತಿರುಗಿ ನೋಡಿರಲಿಲ್ಲ.

ಮಂಜುನಾಥ ಬಸ್ ನಿಲ್ಲುವ ಕಡೆ ಓಡಿದ, ನಾನು ಊಟದ ಸಾಲಿನ ಕಡೆ ಓಡಿದೆ. ಇಬ್ಬರೂ ಬರಿಗೈಯಲ್ಲಿ ಬಂದೆವು. ಪೊಲೀಸರಿಗೆ ಹೇಳೋಣ ಎಂದೆ. ದೊಡ್ಡಮ್ಮ ನನ್ನ ರಟ್ಟೆ ಹಿಡಿದು ನಿಲ್ಲಿಸಿದರು.

‘ಹೆಣ್ಣು ಮಗ ಕಣಮ್ಮ. ಪೊಲೀಸು ಗಿಲೀಸು ಅಂತ ಹೋಗ್ಬುಟ್ರೆ ನಾಳೆ ಊರೋರ ಬಾಯಿಗೆ ಬೀಳಾರು ನಾವೇ. ಇನ್ನೊಂದು ಗಳಿಗೆ ಹುಡುಕಾನ, ತಡಿ.’

ಐದು ವರ್ಷದ ಮಗು! ಊರು ಏನೆಂದು ಆಡಿಕೊಳ್ಳುತ್ತದೆ? ಆದರೆ ನಮ್ಮ ಮನೆಗಳಲ್ಲಿ ಹೆಣ್ಣಿನ ಹೆಸರು ಮತ್ತು ಠಾಣೆ ಒಂದೇ ವಾಕ್ಯದಲ್ಲಿ ಬರಬಾರದು. ಅದು ಅಲಿಖಿತ ಕಾನೂನು. ಮಂಜುನಾಥ ಬೇರೆ ಅದಕ್ಕೊಂದು ಪಾಯಿಂಟ್ ಸೇರಿಸಿದ. ಒಂದು ದಿನ ಪೂರ್ತಿ ಆಗದೆ ಕಂಪ್ಲೇಂಟ್ ತೆಗೆದುಕೊಳ್ಳುವುದೇ ಇಲ್ಲವಂತೆ. ಯಾರು ಹೇಳಿದರು? ಯಾರೂ ಹೇಳಿಲ್ಲ. ಸಿನಿಮಾದಲ್ಲಿ ನೋಡಿದ್ದು. (ನಮ್ಮ ಅರ್ಧ ಕಾನೂನು ಜ್ಞಾನ ಬಂದಿರುವುದೇ ಅಲ್ಲಿಂದ.)

ಹಾಗಾದರೆ ಏನು ಮಾಡಿದೆವು? ಸುಧಾ ಅಳುತ್ತಲೇ ಮೊಬೈಲ್ ತೆಗೆದಳು. ಅದೇ ಬೆಳಿಗ್ಗೆ ಹಳದಿ ಲಂಗದಲ್ಲಿ ತೆಗೆದ ಫೋಟೋವನ್ನು ಸ್ಟೇಟಸ್ಸಿಗೆ ಹಾಕಿದಳು. ‘ಇಂದು ಬೆಳಿಗ್ಗೆ ನಮ್ಮ ಮಗು ಕಾಣೆಯಾಗಿದೆ. ಕಂಡವರು ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ. ಎಲ್ಲ ಗ್ರೂಪಿಗೂ ಶೇರ್ ಮಾಡಿ.’ ಕೆಳಗೆ ಮಂಜುನಾಥನ ಫೋನ್ ನಂಬರ್. ನೆಂಟರ ಗ್ರೂಪು, ಸ್ತ್ರೀಶಕ್ತಿ ಗ್ರೂಪು, ಹೂವಿನ ವ್ಯಾಪಾರದವರ ಗ್ರೂಪು, ಹಳೇ ವಿದ್ಯಾರ್ಥಿಗಳ ಗ್ರೂಪು. ಒಂದನ್ನೂ ಬಿಡಲಿಲ್ಲ. ನಾನೂ ಕಳಿಸಿದೆ. ದೊಡ್ಡಮ್ಮ ಬೇಡ ಎನ್ನಲಿಲ್ಲ.

ನಮ್ಮ ಲೆಕ್ಕಾಚಾರ ನೋಡಿ. ಪೊಲೀಸರಿಗೆ ಗೊತ್ತಾಗಬಾರದು. ನಾಲ್ಕು ತಾಲ್ಲೂಕಿಗೆ ಗೊತ್ತಾದರೆ ಪರವಾಗಿಲ್ಲ.

ಕೊನೆಗೆ ತಡೆಯಲಾರದೆ ದೊಡ್ಡಮ್ಮನ ಕಣ್ಣು ತಪ್ಪಿಸಿ, ಗಾಡಿಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದ ಪೊಲೀಸಪ್ಪನ ಹತ್ತಿರ ಹೋದೆ. ಅವನ ಪಕ್ಕದಲ್ಲೇ ನಾವೆಲ್ಲ ಅಷ್ಟು ಹೊತ್ತೂ ಹಾದುಹೋಗುತ್ತಲೇ ಇದ್ದೆವು. ನಾನು ಮಾತು ಮುಗಿಸುವ ಮೊದಲೇ ಅವನು ಹಳದಿ ಲಂಗವಾ ಎಂದು ಕೇಳಿದ. ಬಳೆ ಅಂಗಡಿಯವಳು ಆಗಲೇ ಬಂದು ತಿಳಿಸಿ ಹೋಗಿದ್ದಳಂತೆ. ಮಗು ಅವಳ ಹತ್ತಿರವೇ ಕೂತಿತ್ತು, ಮೊಣಕೈವರೆಗೂ ಗಾಜಿನ ಬಳೆ ಏರಿಸಿಕೊಂಡು. ‘ಯಾರಾರ ಬತ್ತಾರೆ ಅಂತ ಕಾಯ್ತಾನೇ ಇದೀನಿ. ಒಬ್ರೂ ಕೇಳ್ನೇ ಇಲ್ವಲ್ಲಮ್ಮ’ ಎಂದ ಪೊಲೀಸಪ್ಪ.

ಅತ್ತೆವು. ನಕ್ಕೆವು. ಮಗುವಿಗೆ ಒಂದು ಏಟು ಕೊಟ್ಟು ಮುದ್ದು ಮಾಡಿದೆವು. ದೊಡ್ಡಮ್ಮ ದೃಷ್ಟಿ ತೆಗೆದರು. ಊಟ ಮಾಡಿ ಮನೆಗೆ ಬಂದೆವು. ಸುಧಾ ತನ್ನ ಸ್ಟೇಟಸ್ ಅಳಿಸಿದಳು. ನನ್ನ ಗ್ರೂಪುಗಳಲ್ಲಿ ‘ಮಗು ಸಿಕ್ಕಿದೆ, ದೇವರು ದೊಡ್ಡವನು’ ಎಂದು ನಾನೂ ಹಾಕಿದೆ. ಅಲ್ಲಿಗೆ ಕತೆ ಮುಗಿಯಿತು ಅಂದುಕೊಂಡೆವು.

‘ಕಾಣೆಯಾಗಿದೆ’ ಎನ್ನುವುದನ್ನು ಕಂಡವರೆಲ್ಲ ಫಾರ್ವರ್ಡ್ ಮಾಡುತ್ತಾರೆ. ‘ಸಿಕ್ಕಿದೆ’ ಎನ್ನುವುದಕ್ಕೆ ಕೈಮುಗಿಯುವ ಚಿತ್ರ ಹಾಕಿ ಸುಮ್ಮನಾಗುತ್ತಾರೆ. ಅದನ್ನು ಯಾರು ಮುಂದೆ ಕಳಿಸುತ್ತಾರೆ? ಸಿಕ್ಕ ಸುದ್ದಿ ನಮ್ಮ ಗ್ರೂಪುಗಳಲ್ಲೇ ಉಳಿಯಿತು. ಕಳೆದ ಸುದ್ದಿ ಪಾವಗಡ ದಾಟಿತು. ಯಾರೋ ಅದಕ್ಕೆ ತೆಲುಗು ಸೇರಿಸಿದರು. ಇನ್ಯಾರೋ ಬಿಳಿ ವ್ಯಾನ್ ಸೇರಿಸಿದರು. ಮತ್ತೊಬ್ಬರು ಮಕ್ಕಳ ಕಳ್ಳರ ತಂಡವನ್ನೇ ಸೇರಿಸಿದರು. ಪಾವಗಡದ ನಮ್ಮ ದೂರದ ಅತ್ತೆ ಫೋನ್ ಮಾಡಿ, ‘ಅಯ್ಯೋ ಪಾಪ ದೊರಿಕಿಂದಾ ಲೇದಾ? ಸಿಕ್ತಾ ಇಲ್ವಾ? ನಂಗೆ ನಿದ್ದೇನೇ ಬತ್ತಿಲ್ಲ’ ಎಂದರು. ಮಗು ಸಿಕ್ಕಿ ಆಗಲೇ ವಾರವಾಗಿತ್ತು.

ಮೆಸೇಜಿನಲ್ಲಿ ತಾರೀಕು ಇರಲಿಲ್ಲ ನೋಡಿ. ‘ಇಂದು ಬೆಳಿಗ್ಗೆ’ ಎಂದಷ್ಟೇ ಇತ್ತು. ಓದಿದವರಿಗೆಲ್ಲ ಮಗು ಅವತ್ತೇ ಬೆಳಿಗ್ಗೆ ಕಳೆದುಹೋಗುತ್ತಿತ್ತು.

ಮಂಜುನಾಥನಿಗೆ ಹೊತ್ತಲ್ಲದ ಹೊತ್ತಿನಲ್ಲಿ ಫೋನು. ಸಿಕ್ಕಳಾ, ಅಳ್ತಿದಾಳಾ, ಯಾರ ಮೇಲಾದರೂ ಡೌಟಾ? ಉತ್ತರಿಸಿ ಉತ್ತರಿಸಿ ಸುಸ್ತಾಗಿ ನಂಬರನ್ನೇ ಬದಲಾಯಿಸಿಬಿಟ್ಟ. ನಮಗೆಲ್ಲ ಅದು ಬುದ್ಧಿವಂತಿಕೆ ಎನಿಸಿತು.

ಕಳೆದ ವಾರ ಅವನು ಮಗಳಿಗೆ ಸ್ಕೂಲ್ ಶೂ ಕೊಡಿಸಲು ಶಿರಾಕ್ಕೆ ಕರೆದುಕೊಂಡು ಹೋದ. ಅವಳಿಗೆ ಹೆಜ್ಜೆ ಇಟ್ಟರೆ ಲೈಟ್ ಹತ್ತುವ ಕೆಂಪು ಶೂ ಬೇಕು. ಇವನು ಕೊಡಿಸಿದ್ದು ಕಪ್ಪು. ರಸ್ತೆಯಲ್ಲೇ ಕೂತು ರಚ್ಚೆ ಹಿಡಿದಳು. ಇವನು ರಟ್ಟೆ ಹಿಡಿದು ಎಳೆದ. ಅವಳು ಚೀರಿದಳು, ‘ನೀನು ನಮ್ಮಪ್ಪ ಅಲ್ಲ, ಹೋಗು.’

ಮಕ್ಕಳು ಏನು ಬೇಕಾದರೂ ಹೇಳುತ್ತವೆ. ಆದರೆ ಎದುರಿಗೆ ನಿಂತಿದ್ದವನ ಫೋನಿನಲ್ಲಿ ಅವಳ ಫೋಟೋ ಇತ್ತು.

ಜನ ಸುತ್ತುವರಿದರು. ತೋಟದ ಕೆಲಸದಲ್ಲಿ ಬಿಸಿಲಿಗೆ ಕಪ್ಪಾದ ಮಂಜುನಾಥ, ಕುರುಚಲು ಗಡ್ಡ, ಮಾಸಿದ ಅಂಗಿ. ಅಮ್ಮನ ಬಣ್ಣ ಪಡೆದ ಮಗಳು. (ನಮ್ಮ ಜನಕ್ಕೆ ಮಕ್ಕಳ ಕಳ್ಳ ಎಂದರೆ ಕಪ್ಪಗಿರಲೇಬೇಕು.) ಇದು ನನ್ನ ಮಗಳೇ ಎಂದ. ಯಾರೋ ಮೆಸೇಜಿನಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ಸ್ವಿಚ್ ಆಫ್. ಅದು ನನ್ನದೇ ನಂಬರು, ಬದಲಾಯಿಸಿದೆ ಎಂದ. ಯಾರು ನಂಬುತ್ತಾರೆ? ನೀವಾಗಿದ್ದರೆ ನಂಬುತ್ತಿದ್ದಿರಾ? ಮೊದಲ ಏಟು ಕೆನ್ನೆಗೆ ಬಿತ್ತು. ಆಮೇಲಿನವು ಎಲ್ಲೆಲ್ಲಿ ಬಿದ್ದವೋ ಅವನಿಗೇ ಗೊತ್ತಿಲ್ಲ. ಅಪ್ಪನಿಗೆ ಹೊಡೆಯುವುದನ್ನು ಕಂಡು ಮಗು ಇನ್ನಷ್ಟು ಕಿರುಚಿತು. ಕಳ್ಳನಿಗೆ ಹೆದರಿ ಅಳುತ್ತಿದೆ ಎಂದುಕೊಂಡು ಇನ್ನಷ್ಟು ಹೊಡೆದರು.

ಅವನನ್ನು ಉಳಿಸಿದ್ದು ಪಕ್ಕದ ಹಣ್ಣಿನಂಗಡಿಯ ಸಾಬರು. ವಯಸ್ಸಾದವರು. ಅಪ್ಪ ಮಗಳಿಬ್ಬರನ್ನೂ ಅಂಗಡಿಯೊಳಗೆ ಎಳೆದುಕೊಂಡು ಶಟರ್ ಅರ್ಧಕ್ಕೆ ಇಳಿಸಿದರು. ಗುಂಪು ಅವರ ಮೇಲೂ ರೇಗಿತು. ಅವರು ಅಲ್ಲಾಡಲಿಲ್ಲ.

‘ಸಬೂರ್ ಮಾಡ್ರಪ್ಪ. ನಂಗೂ ಇವ್ನ ಮೇಲೆ ಅನುಮಾನ ಐತೆ. ಅದ್ಕೇ ಪೊಲೀಸ್ನೋರ್ಗೆ ಫೋನ್ ಮಾಡಿವ್ನಿ. ಅವ್ರು ಬರಾಗಂಟ ಇವ್ನ್ನ ಯಾರೂ ಮುಟ್ಟಂಗಿಲ್ಲ.’

ನಾವು ಗೊರವನಹಳ್ಳಿಯಲ್ಲಿ ಮಾಡದಿದ್ದ ಕೆಲಸವನ್ನು ಆ ಮನುಷ್ಯ ಮಾಡಿದ್ದರು. ನಮ್ಮ ಹುಡುಗನನ್ನು ಕಳ್ಳ ಎಂದು ಅನುಮಾನಿಸಿಕೊಂಡೇ ಕಾಪಾಡಿದರು.

ಸುದ್ದಿ ತಿಳಿದು ನಾನು ಮಧುಗಿರಿಯಿಂದ ಠಾಣೆಗೆ ಹೋದಾಗ ಮಂಜುನಾಥ ಹರಿದ ಅಂಗಿಯಲ್ಲಿ ಬೆಂಚಿನ ಮೇಲಿದ್ದ. ತುಟಿ ಊದಿತ್ತು. ಧನ್ವಿ ಅವನ ತೊಡೆ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದಳು. ನಿನ್ನಪ್ಪನ ಹೆಸರೇನು ಎಂದು ಕೇಳಿದ್ದಕ್ಕೆ ‘ಅಪ್ಪ’ ಎಂದಿದ್ದಳಂತೆ. ಎಷ್ಟು ಇಂಗ್ಲಿಷ್ ರೈಮ್ಸ್ ಹೇಳಿಕೊಟ್ಟಿದ್ದೆವು ಅವಳಿಗೆ! ಅಪ್ಪನ ಹೆಸರು ಹೇಳಿಕೊಡಲು ಯಾರಿಗೂ ಹೊಳೆದಿರಲಿಲ್ಲ.

ಅಲ್ಲಿದ್ದ ಮಹಿಳಾ ಎಸ್‌ಐ ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು. ಮಗು ಕಳೆದಾಗ ಕಂಪ್ಲೇಂಟ್ ಕೊಟ್ಟಿದ್ದಿರಾ ಎಂದು ಕೇಳಿದರು. ಇಲ್ಲ ಎಂದೆ.

‘ಕೊಟ್ಟಿದ್ರೆ ಸಿಕ್ಕ ದಿನಾನೇ ನಾವು ಕೇಸ್ ಕ್ಲೋಸ್ ಮಾಡ್ತಿದ್ವಿ ಮೇಡಂ. ಇವತ್ತು ಒಂದು ಫೋನಲ್ಲಿ ಗೊತ್ತಾಗೋದು. ಈ ಮೆಸೇಜ್ ಕ್ಲೋಸ್ ಮಾಡೋರು ಯಾರು, ಹೇಳಿ?’

ಒಂದು ದಿನ ಆಗದೆ ಕಂಪ್ಲೇಂಟ್ ತೆಗೆದುಕೊಳ್ಳುವುದಿಲ್ಲವಂತಲ್ಲ ಎಂದೆ. ಒಂದು ದಿನ ಕಾಯಬೇಕು ಎನ್ನುವುದು ಶುದ್ಧ ಸುಳ್ಳು ಎಂದರು. ಮಗು ಕಾಣದಿದ್ದರೆ ತಕ್ಷಣ ಹೇಳಬೇಕು, ಮೊದಲ ಗಳಿಗೆಯೇ ಮುಖ್ಯ. ಕಳೆದದ್ದು ಕೊರಟಗೆರೆ ತಾಲ್ಲೂಕು, ಮಂಜುನಾಥನ ಮನೆ ಶಿರಾ ಕಡೆ, ನೆಂಟರು ಪಾವಗಡ. ಯಾವ ಠಾಣೆಗೆ ಹೋಗಬೇಕಿತ್ತು ಎಂದೆ. ಯಾವುದು ಹತ್ತಿರವೋ ಅದಕ್ಕೆ, ಇದು ನಮ್ಮದಲ್ಲ ಎಂದು ವಾಪಸ್ ಕಳಿಸುವಂತಿಲ್ಲ ಎಂದರು. ಮಕ್ಕಳ ಸಹಾಯವಾಣಿ ಹಗಲು ರಾತ್ರಿ ಇರುತ್ತದೆ, ನಂಬರನ್ನು ಶಾಲೆ ಗೋಡೆ ಮೇಲೆ ಬರೆಸಿರುತ್ತಾರೆ ಎಂದೂ ಹೇಳಿದರು.

ಹೌದು, ನಮ್ಮ ಬೀದಿಯ ಶಾಲೆಯ ಕಾಂಪೌಂಡಿನ ಮೇಲೇ ಇದೆ. ನಾನು ದಿನಾ ಅದರ ಮುಂದೆಯೇ ವಾಕ್ ಹೋಗುತ್ತೇನೆ. ಆ ನಂಬರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಓದಿ ಮರೆಯುತ್ತೀರಿ. ಎದ್ದು ಹೋಗಿ ನಿಮ್ಮೂರಿನ ಶಾಲೆಯ ಗೋಡೆ ನೋಡಿ.

ಮಂಜುನಾಥ ಮಗಳ ಜೊತೆ ಒಬ್ಬನೇ ಪೇಟೆಗೆ ಹೋಗಲು ಈಗ ಹೆದರುತ್ತಾನೆ. ಸ್ವಂತ ಮಗಳ ಕೈ ಹಿಡಿಯುವ ಮೊದಲು ಸುತ್ತ ನೋಡುತ್ತಾನೆ. ಅದಕ್ಕೇ ಅವಳನ್ನು ಸ್ವಲ್ಪ ದಿನ ನಮ್ಮ ಮನೆಯಲ್ಲಿ ಬಿಟ್ಟಿದ್ದಾನೆ. ನನಗೆ ಅದನ್ನು ನೆನೆದರೆ ಸಿಟ್ಟೂ ಬರುತ್ತದೆ, ಅಳುವೂ ಬರುತ್ತದೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ? ಹೊಡೆದವರೂ ಮಗುವನ್ನು ಕಾಪಾಡಲೆಂದೇ ಬಂದವರು.

ಇದನ್ನು ಬರೆಯಲು ಕೂತಾಗ ಫೋನು ಟಿಣ್ ಎಂದಿತು. ಇನ್ನೊಂದು ಫೋಟೋ. ಈ ಸಲ ಧನ್ವಿ ಅಲ್ಲ. ಗುಂಗುರು ಕೂದಲಿನ ಗಂಡು ಮಗು, ಚೌಕುಳಿ ಅಂಗಿ. ‘ಇಂದು ಬೆಳಿಗ್ಗೆ ಕಾಣೆಯಾಗಿದ್ದಾನೆ.’ ಕೆಳಗಿದ್ದ ನಂಬರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್.

ಆ ಅಪ್ಪನೂ ಮಗ ಸಿಕ್ಕಿ ನಂಬರು ಬದಲಾಯಿಸಿದನೋ? ಇಲ್ಲಾ ಹುಡುಕಿ ಹುಡುಕಿ ಬ್ಯಾಟರಿ ಮುಗಿಯಿತೋ?

ಫಾರ್ವರ್ಡ್ ಮಾಡಲಿಲ್ಲ. ಗೋಡೆಯ ನಂಬರಿಗೆ ಫೋನ್ ಮಾಡಿ ಇದ್ದದ್ದನ್ನೆಲ್ಲ ಹೇಳಿದೆ. ಆ ಕಡೆಯ ಹೆಣ್ಣುಮಗಳು ಬರೆದುಕೊಂಡಳು. ಯಾವಾಗ ಕಳೆದದ್ದು ಎಂದು ಕೇಳಿದಳು. ಇವತ್ತು ಬೆಳಿಗ್ಗೆ ಎಂದೆ.

‘ಯಾವತ್ತಿನ ಇವತ್ತು, ಮೇಡಂ?’