ವರ್ಷತೊಡಕಿನ ಮೊಲ

ಈ ಸಲದ ವರ್ಷತೊಡಕಿನ ದಿನ ನನ್ನ ಮಾವನವರನ್ನು ಜೈಲಿಗೆ ಕಳಿಸುವ ಕೆಲಸ ನನ್ನ ಪಾಲಿಗೇ ಬಂದಿತ್ತು.

ನಗಬೇಡಿ. ಯುಗಾದಿಗೆ ಮಾವನ ಮನೆಗೆ ಹೋದ ಅಳಿಯಂದಿರು ಒಬ್ಬಟ್ಟು ತಿಂದು, ಹೊಸ ಪಂಚೆ ಉಟ್ಟು ಬರುತ್ತಾರೆ. ನಾನು ಹೋಗಿ ಸಾಕ್ಷಿದಾರನಾದೆ.

ನನ್ನ ಹೆಂಡತಿ ಜಯಮ್ಮನ ತವರು ಪೂರಿಗಾಲಿಯಿಂದಾಚೆ ಒಂದು ಸಣ್ಣ ಹಳ್ಳಿ. ಅವಳ ತಂದೆ ಬೋರೇಗೌಡರು ಅಲ್ಲಿನ ಪಟೇಲರು. ಮಳವಳ್ಳಿಯಲ್ಲಿ ನಾವು ಹತ್ತಿದ ಇದ್ದಿಲು ಗ್ಯಾಸಿನ ಬಸ್ಸು ದಿಣ್ಣೆಗೊಂದು ಸಲ ನಿಂತು ಉಸಿರೆಳೆದುಕೊಂಡಿತು. (ಯುದ್ಧ ನಡೆಯುವುದು ಎಲ್ಲೋ. ಬಸ್ಸು ತಳ್ಳುವುದು ಮಾತ್ರ ನಾವು.) ಅಂತೂ ಹಬ್ಬದ ಹಿಂದಿನ ಸಂಜೆ ಊರು ಮುಟ್ಟಿದೆವು.

ಊರ ಹಿಂದೆ ಒಂದು ಕುರುಚಲು ಗುಡ್ಡವಿದೆ. ಅಲ್ಲಿ ಮೊಲ ಉಂಟು, ಮುಳ್ಳುಹಂದಿ ಉಂಟು, ಪುಣ್ಯವಿದ್ದವರ ಕಣ್ಣಿಗೆ ಜಿಂಕೆಯೂ ಉಂಟು. ಯುಗಾದಿಯ ಮಾರನೆಯ ದಿನ, ಅಂದರೆ ವರ್ಷತೊಡಕಿನ ಬೆಳಿಗ್ಗೆ, ಊರ ಗಂಡಸರೆಲ್ಲ ಬಲೆ, ದೊಣ್ಣೆ, ನಾಯಿಗಳೊಡನೆ ಗುಡ್ಡ ಹತ್ತುವುದು ತಾತನ ಕಾಲದ ಪದ್ಧತಿ. ಆ ದಿನ ಏನು ಕೈಗೆ ಸಿಕ್ಕಿತೋ ವರ್ಷವೆಲ್ಲ ಅದೇ. ಬರಿಗೈಯಲ್ಲಿ ಇಳಿದರೆ ವರ್ಷವೆಲ್ಲ ಬರಿಗೈ. ಮುಂದಾಳು ಯಾವಾಗಲೂ ಪಟೇಲರೇ.

ಈ ವರ್ಷ ಮಾತ್ರ ತೊಡಕು ನಿಜವಾಗಿಯೂ ತೊಡಕಾಯಿತು. ಸರ್ಕಾರದವರು ಗುಡ್ಡದ ಸುತ್ತ ಕಲ್ಲು ನೆಟ್ಟು, ಸುಣ್ಣ ಬಳಿದು, ಬೋರ್ಡು ನಿಲ್ಲಿಸಿದ್ದರು. ಇದು ರಿಸರ್ವು, ಒಳಗೆ ಬೇಟೆಯಾಡಿದರೆ ಶಿಕ್ಷೆ. ಕಾವಲಿಗೆ ಒಬ್ಬ ಗಾರ್ಡು, ಸೋಮನಹಳ್ಳಿ ಕಡೆಯ ಸಿದ್ದಯ್ಯ. ಅವನ ಹತ್ತಿರ ಇದ್ದದ್ದು ಒಂದು ಖಾಕಿ ಅಂಗಿ, ಒಂದು ಸೀಟಿ, ಮತ್ತು ಗುಡ್ಡದಷ್ಟು ಭಯ.

ಹಬ್ಬದ ದಿನ ನಾನು ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದಾಗ ಸಿದ್ದಯ್ಯ ಬಂದ.

"ಸ್ವಾಮಿ, ನಾಳೆ ಇವ್ರು ಬಲೆ ಆಕಿದ್ರೆ ನಾನು ಮಹಜರು ಬರೀಬೇಕು. ಅದ್ಕೆ ಓದು ಬರಹ ಬಲ್ಲೋರ ರುಜು ಬೇಕು. ಶಾನುಭೋಗ್ರು ಊರಲ್ಲಿಲ್ಲ. ಉಳಿದೋರು ಇಬ್ರೇ. ಒಬ್ರು ನಿಮ್ ಮಾವ. ಇನ್ನೊಬ್ರು ನೀವು."

ನಾನು ಸರ್ಕಾರಿ ಸ್ಕೂಲಿನ ಮೇಷ್ಟ್ರು. ರುಜು ಹಾಕುವುದಿಲ್ಲ ಎಂದರೆ ನನ್ನ ನೌಕರಿಗೆ ಕುತ್ತು. ಹಾಕಿದರೆ ಮಾವನವರ ಪಟೇಲಿಕೆ ಹೋಗುತ್ತದೆ, ಅದರ ಹಿಂದೆ ಹೆಂಡತಿಯ ಪ್ರೀತಿಯೂ ಹೋಗುತ್ತದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ನಾನು ಮಾಡಿದ್ದು ಹೇಡಿಗಳು ಮಾಡುವ ಕೆಲಸ. ಊಟಕ್ಕೆ ಕೂತಾಗ ಮಾವನವರನ್ನು ಮೆಲ್ಲಗೆ ಕೇಳಿದೆ: "ಈ ಒಂದು ವರ್ಷ ಬಿಟ್ಟುಬಿಟ್ಟರೆ ಹೇಗೆ?"

"ಮೇಷ್ಟ್ರೇ, ಬೋರ್ಡು ನೆಟ್ಟೋರು ನೆಟ್ಬುಟ್ಟು ಒಂಟೋದ್ರು. ನಾಳೆ ಮಳೆ ಬರ್ನಿಲ್ಲ ಅಂದ್ರೆ ಜನ ಕೇಳಾದು ಅವ್ರನ್ನಲ್ಲ, ನನ್ನ. ಬರಿಗೈಲಿ ಬಂದ ಪಟೇಲ ಅಂತಾರೆ."

ಅವರಿಗೆ ಮೊಲದ ಸಾರಿನ ಆಸೆ ಎಂದುಕೊಂಡಿದ್ದೆ. ಅದಲ್ಲ. ಅವರು ಹೆದರಿದ್ದರು. ಇಡೀ ಊರಿನ ವರ್ಷ ಅವರ ತಲೆಯ ಮೇಲಿತ್ತು.

ಬೆಳಿಗ್ಗೆ ತಮಟೆ ಬಡಿಯಿತು. ಹೆಂಗಸರು ಮಡಕೆ, ಖಾರದ ಗಂಟು ಹೊತ್ತು ಗುಡ್ಡದ ಬುಡದ ಹೊಂಗೆ ಮರದಡಿ ಕೂತರು. ಗಂಡಸರು ಸುಣ್ಣದ ಕಲ್ಲು ದಾಟಿ ಬಲೆ ಕಟ್ಟಿದರು. ಸ್ವಲ್ಪ ಹೊತ್ತಿಗೇ ಪೊದೆಯಿಂದ ಒಂದು ಮೊಲ ಎದ್ದು ನೇರ ಬಲೆಗೆ ಬಿತ್ತು. ಮಾವನವರು ಅದನ್ನು ಎತ್ತಿ ಹಿಡಿದರು. ಅದೇ ಹೊತ್ತಿಗೆ ಸೀಟಿ ಕೇಳಿಸಿತು.

ಸಿದ್ದಯ್ಯ ಏದುಸಿರು ಬಿಡುತ್ತ ಬಂದ. ಇಪ್ಪತ್ತು ದೊಣ್ಣೆಗಳು ಅವನ ಸುತ್ತ ಎದ್ದವು. ಆದರೂ ನಿಂತ. (ಇದನ್ನು ನಾನು ಮರೆಯಲಾರೆ.)

"ಒಡೀರಿ ಗೌಡ್ರೇ. ಆದ್ರೆ ಕಲ್ಲಿನೊಳ್ಗೆ ಇಡ್ದಿದ್ದು ಕಣ್ರೀ ಅದು. ನಾನು ಬರೀಲೇಬೇಕು."

ಬರೆದ. ಕಾಗದವನ್ನು ನನ್ನ ಕೈಗಿಟ್ಟ. ಊರಿಗೆ ಊರೇ ನನ್ನತ್ತ ತಿರುಗಿತು. ಪೆನ್ನಿನ ಮುಚ್ಚಳ ತೆಗೆದೆ. ಮುಚ್ಚಳ ಹಾಕಿದೆ. ಮತ್ತೆ ತೆಗೆದೆ.

ಗಲಾಟೆ ಕೇಳಿ ಹೆಂಗಸರು ಮೇಲೆ ಬಂದಿದ್ದರು. ಜಯಮ್ಮ ನನ್ನ ಕಡೆ ನೋಡಲೇ ಇಲ್ಲ. ನೇರ ಹೋಗಿ ಮೊಲದ ಹೊಟ್ಟೆಯ ಮೇಲೆ ಕೈಯಿಟ್ಟಳು.

"ಅಪ್ಪಾ, ಬಸ್ರಿ ಕಣಪ್ಪ ಇದು. ಒಟ್ಟೆ ಮುಟ್ಟಿ ನೋಡು."

ಮಾವನವರು ಮುಟ್ಟಿ ನೋಡಿದರು. ಅವರ ಮುಖ ಬಾಡಿತು. ಬಸುರಿ ಪ್ರಾಣಿಯನ್ನು ಕೊಲ್ಲುವಂತಿಲ್ಲ. ಬಿಟ್ಟರೆ ಬರಿಗೈ.

ಆಗ ಮಾತಾಡಿದವರು ಮಾವನವರ ತಾಯಿ ಸಣ್ಣಮ್ಮಜ್ಜಿ. ಬಾಯಲ್ಲಿ ಹಲ್ಲಿಲ್ಲ, ಮಾತಿಗೆ ಮಾತ್ರ ಇದೆ.

"ಲೇ ಬೋರ, ಕೈಗೆ ಸಿಕ್ತಲ್ವೇನ್ಲಾ? ಸಿಕ್ಕಿದ್ಮೇಲೆ ಆಯ್ತು. ಮಡಕೆಗೇ ಬೀಳ್ಬೇಕು ಅಂತ ಯಾವನ್ಲಾ ಏಳ್ದೋನು? ನನ್ ತೌರಲ್ಲಿ ಮೊಲದ ಕಿವಿಗೆ ವಾಲೆ ಆಕಿ, ಮನೆ ಮಗಳು ಅಂತ ಬುಡೋರು ಕಣ್ಲಾ."

ಒಳ್ಳೆಯ ಮಾತೇ. ಆದರೆ ಯಾರ ಓಲೆ? ಹೆಂಗಸರೆಲ್ಲ ಒಟ್ಟಿಗೇ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡರು. ಜಯಮ್ಮ ಒಬ್ಬಳು ತಿರುಪು ಬಿಚ್ಚತೊಡಗಿದಳು. ಮದುವೆಯ ವರ್ಷ ನಾನು ಮಂಡ್ಯದಲ್ಲಿ ಮಾಡಿಸಿಕೊಟ್ಟ ಓಲೆ! ಬಾಯಿ ತೆರೆದೆ. ಕೈಯಲ್ಲಿದ್ದ ಮಹಜರು ನೋಡಿದೆ. ಬಾಯಿ ಮುಚ್ಚಿದೆ.

ಈಗ ಮೊಲವನ್ನು ಅಲುಗಾಡದಂತೆ ಹಿಡಿಯಬೇಕಲ್ಲ? "ಸರ್ಕಾರದ ಮೊಲ, ಸರ್ಕಾರವೇ ಇಡ್ಕೊಳ್ಳಿ" ಎಂದು ಯಾರೋ ಕೂಗಿದರು. ಸಿದ್ದಯ್ಯ ಕೂತು ತೊಡೆಯ ಮೇಲಿಟ್ಟುಕೊಂಡ. ಹೆದರಿದ ಮೊಲ ಖಾಕಿಯನ್ನು ಒದ್ದೆ ಮಾಡಿತು. ಊರು ಬಿದ್ದು ಬಿದ್ದು ನಕ್ಕಿತು. ನಗುವ ಕೈಯಲ್ಲಿ ದೊಣ್ಣೆ ನಿಲ್ಲುತ್ತದೆಯೆ? ಅಜ್ಜಿ ಜಾಲಿಮುಳ್ಳಿನಿಂದ ಕಿವಿ ಚುಚ್ಚಿದರು. ಜಯಮ್ಮ ತಿರುಪು ಬಿಗಿದಳು. ಮಾವನವರು ಮೊಲವನ್ನು ಪೊದೆಯ ಮುಂದೆ ಇಳಿಸಿದರು. ಅದು ಒಂದು ಕ್ಷಣ ಕೂತು, ಕಿವಿ ಕೊಡವಿ, ಒಂದೇ ನೆಗೆತಕ್ಕೆ ಮಾಯವಾಯಿತು. ತಮಟೆ ಬಡಿಯಿತು.

"ಈಗೇನ್ ಬರೀತೀಯಪ್ಪ?" ಎಂದರು ಮಾವ.

ಮೊಲಕ್ಕೆ ಓಲೆ ಹಾಕಿದರೆ ಯಾವ ಶಿಕ್ಷೆ ಎಂದು ಸಿದ್ದಯ್ಯನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಕಾಗದವನ್ನು ಅವನೇ ಹರಿದ. ಅಂದು ಮಡಕೆಗೆ ಕೋಳಿಯೇ ಗತಿಯಾಯಿತು. ಸಿದ್ದಯ್ಯ ಮಾವನವರ ಪಂಚೆ ಉಟ್ಟು ನಮ್ಮ ಪಂಕ್ತಿಯಲ್ಲೇ ಉಂಡ.

ಕಳೆದ ವಾರ ಮಾವನವರು ಮಳವಳ್ಳಿಗೆ, ನಮ್ಮ ಮನೆಗೆ ಬಂದಿದ್ದರು. ಯಾರೋ ಪಟ್ಟಣದವರು ಕೋವಿ ಹಿಡಿದು, ಕಾರಿನಲ್ಲಿ (ಪೆಟ್ರೋಲು ಎಲ್ಲಿತ್ತೋ!) ಗುಡ್ಡಕ್ಕೆ ಬಂದಿದ್ದರಂತೆ. ಮಾವ ಅಡ್ಡ ನಿಂತರಂತೆ.

"ಏನಂದಿರಿ?" ಎಂದೆ.

"ನನ್ ಮಗಳ ವಾಲೆ ಐತೆ ಒಳ್ಗೆ. ಯಾವ್ ಮೊಲದ ಕಿವೀಲೈತೆ ಅಂತ ದೂರದಿಂದ ಗೊತ್ತಾಗಾಕಿಲ್ಲ. ಅದ್ಕೆ ಯಾವ್ದಕ್ಕೂ ಒಡೀಬ್ಯಾಡಿ ಅಂದೆ. ಕಾರು ತಿರುಗಿಸ್ಕಂಡು ಓದ್ರು."

ಕಲ್ಲು ನೆಟ್ಟ ಸರ್ಕಾರವನ್ನು ನಾನು ಹಳಿಯುವುದಿಲ್ಲ. ಕಲ್ಲಿಲ್ಲದಿದ್ದರೆ ಸಿದ್ದಯ್ಯ ಇಲ್ಲ, ಸಿದ್ದಯ್ಯ ಇಲ್ಲದಿದ್ದರೆ ಆ ಮೊಲ ಅಂದೇ ಸಾರಾಗುತ್ತಿತ್ತು. ಆದರೆ ಓದುವವರು ಮೂವರೇ ಇದ್ದ ಜಾಗದಲ್ಲಿ ಬೋರ್ಡು ಯಾರನ್ನು ತಡೆದೀತು? ಗುಡ್ಡ ಸರ್ಕಾರದ್ದಾಗಿದ್ದಾಗ ಮಾವನವರು ಬಲೆ ಹಿಡಿದು ಹೋದರು. ಅಲ್ಲಿ ಮಗಳದೊಂದು ವಸ್ತು ಸೇರಿದ ಮೇಲೆ ಅವರೇ ಕಾವಲು ನಿಂತರು. ಸಂಬಳವಿಲ್ಲ, ಸೀಟಿಯೂ ಇಲ್ಲ.

ಮೊನ್ನೆ ಭಾನುವಾರ ಸಿದ್ದಯ್ಯನೂ ಮನೆಗೆ ಬಂದ. ಗುಡ್ಡದಲ್ಲಿ ಬೇಟೆ ನಿಂತಿತೆಂದು ಮೇಲಿನವರಿಗೆ ಸಂತೋಷವಾಗಿದೆಯಂತೆ. ಪಕ್ಕದ ದೊಡ್ಡ ಗುಡ್ಡಕ್ಕೂ ಕಲ್ಲು ನೆಟ್ಟು ಅದನ್ನೂ ಇವನಿಗೇ ಒಪ್ಪಿಸುತ್ತಾರಂತೆ. ಒಳ್ಳೆಯ ಸುದ್ದಿಯಲ್ಲವೇನಯ್ಯಾ ಎಂದೆ. ಅವನು ಕಾಫಿ ಲೋಟ ಕೆಳಗಿಟ್ಟ.

"ಅಲ್ಲಿ ಚಿರತೆ ಐತೆ ಸ್ವಾಮಿ. ಅದ್ರ ಕಿವಿ ಇಡ್ಕೊಳ್ಳೋರು ಯಾರು?"