ಮುದ್ರೆ ಕೆತ್ತುವ ಮಾನ್‌ಸುವಿನ ಕುರುಡುಕಾಸು

ಸಾಂಗ್‌ಜು ಪೇಟೆಯ ಬಾಯಲ್ಲೇ, ಒಣಮೀನಿನ ಅಂಗಡಿಗೂ ಗಡಿಯಾರ ರಿಪೇರಿಯವನಿಗೂ ನಡುವೆ, ಒಬ್ಬ ಕೂತರೆ ಇನ್ನೊಬ್ಬ ನಿಂತೇ ಇರಬೇಕಾದಷ್ಟು ಜಾಗದಲ್ಲಿ ತಾಕ್ ಮಾನ್‌ಸು ನಲವತ್ತೊಂದು ವರ್ಷ ಮುದ್ರೆ ಕೆತ್ತಿದ. ಮದುವೆ, ಮನೆ ಮಾರಾಟ, ಹುಟ್ಟು, ಸಾವು, ಯಾವುದೂ ಹೆಸರಿನ ಮುದ್ರೆ ಬೀಳದೆ ನಡೆಯದ ಊರು ಅದು. ಅಕ್ಷರವನ್ನು ತಿರುಗುಮುರುಗಾಗಿ ನೋಡಿ ನೋಡಿ ಅವನ ಕಣ್ಣು ಎಷ್ಟು ಪಳಗಿತ್ತೆಂದರೆ, ಬಂದವರ ಮುಖ ಮರೆತರೂ ಅವರ ಹೆಸರಿನ ಗೆರೆಗಳನ್ನು ಮರೆಯುತ್ತಿರಲಿಲ್ಲ.

ಕಾಸಿನ ಹುಚ್ಚು ತಲೆಗೇರಿದ್ದು ಮೂವತ್ತನೆಯ ವಯಸ್ಸಿಗೆ. ಯುದ್ಧ ಮುಗಿದು ಆರೇಳು ವರ್ಷವಾಗಿತ್ತು. ಹಳೆಯ ದೊರೆಗಳ ಕಾಲದ ತೂತುಕಾಸು ಮೂಟೆಗಟ್ಟಲೆ ಕಂಚುಗಾರನ ಕುಲುಮೆಗೆ ಬಂದು ಬೀಳುತ್ತಿತ್ತು. ಆ ಮೂಟೆಗಳಲ್ಲಿ ಮಾನ್‌ಸುವಿಗೆ ಕಂಡದ್ದು ಲೋಹವಲ್ಲ, ಅಕ್ಷರ. ಒಂದು ಕೊಡ ಅಕ್ಕಿಹೆಂಡ ಕೊಟ್ಟು ನಾಲ್ಕು ಬೊಗಸೆ ಕಾಸು ಮನೆಗೆ ತಂದ. ಜಗಲಿಯ ಮೇಲೆ ಹರಡಿ ಆರಿಸುವಾಗ ಒಂದು ಕಾಸಿನ ಮುಖದ ನಾಲ್ಕು ಅಕ್ಷರಗಳಲ್ಲಿ ಒಂದೂ ಉಳಿದಿರಲಿಲ್ಲ. "ಕುರುಡುಕಾಸು" ಎಂದು ಅಂಗಳಕ್ಕೆ ಎಸೆದ. ಹೆಂಡತಿ ಓಕ್‌ಬುನ್ ಎತ್ತಿಕೊಂಡಳು. ಅವಳು ಊರವರಿಗೆ ಮದುವೆಯ ಬಟ್ಟೆ, ಹೆಣದ ಬಟ್ಟೆ ಎರಡನ್ನೂ ಹೊಲಿಯುವವಳು. ಹೊಲಿಗೆ ಹಾಕುವ ಮೊದಲು ಬಟ್ಟೆಯನ್ನು ಮಡಿಸಿ, ಮಡಿಕೆಯ ಮೇಲೆ ಗೀರೆಳೆಯಲು ನುಣುಪಾದ ಅಂಚಿನದೊಂದು ಬೇಕಿತ್ತು, ಅಷ್ಟೆ.

ಆಗಿನ ಅವನ ರುಚಿ ಹೊಳಪಿನದು. ಚುಸೊಕ್ ಹಬ್ಬಕ್ಕೆ ವಾರವಿರುವಾಗ ಹೆಂಗಸರು ಹಳೆಯ ಹೆಂಚನ್ನು ಕುಟ್ಟಿ ಪುಡಿಮಾಡಿ, ಹುಲ್ಲಿನ ಸಿಂಬೆಯಿಂದ ಹಿರಿಯರ ಎಡೆಯ ಬಟ್ಟಲುಗಳನ್ನು ತಿಕ್ಕಲು ಕೂರುತ್ತಾರೆ. ಮಾನ್‌ಸು ಒಂದು ಪುಟ್ಟಿ ಕಾಸು ತಂದು ಹೆಂಡತಿಯ ಮುಂದೆ ಸುರಿದ.

"ಇವನ್ನೂ ಒಂದು ಕೈ ತಿಕ್ಕಿಬಿಡು."

"ನಿಮ್ಮ ತಾತನ ಬಟ್ಟಲೇ ಇನ್ನೂ ಮುಗಿದಿಲ್ಲ. ಇವು ಯಾರ ತಾತನವು, ಮಲ್‌ಸುಕ್ ಅಪ್ಪಾ?" ಎಂದಳು ಓಕ್‌ಬುನ್. ಮಲ್‌ಸುಕ್ ಅವರ ಒಬ್ಬಳೇ ಮಗಳು.

ಆದರೂ ತಿಕ್ಕಿದಳು. ಮೂರು ದಿನ ತಿಕ್ಕಿದಳು. ಕಾಸುಗಳು ಬಂಗಾರದ ಹಾಗೆ ಮಿಂಚಿದವು. ಮಾನ್‌ಸು ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿ, ಮುದ್ರೆಗೆ ಬಂದವರಿಗೆಲ್ಲ ತೋರಿಸಿ ಬೀಗಿದ.

ಕಿತ್ತಳೆ ಬಣ್ಣದ ಗಾಮ್ ಹಣ್ಣಿನ ಸಿಪ್ಪೆ ಸುಲಿದು, ಒಣಗಲೆಂದು ಹಗ್ಗಕ್ಕೆ ಕಟ್ಟುವ ಕಾಲಕ್ಕೆ ದೇಗು ಪಟ್ಟಣದಿಂದ ಹಳೆಯ ಸಾಮಾನಿನ ವ್ಯಾಪಾರಿ ಪ್ಯೋ ಬಂದ. ಪೆಟ್ಟಿಗೆಯತ್ತ ಬಗ್ಗಿದವನು ಹಾಗೇ ನಿಂತ.

"ಅಣ್ಣಾ, ಇನ್ನೂರು ವರ್ಷದ ಕಿಲುಬಿನ ತೊಗಲು ಸುಲಿದಿಟ್ಟಿದೀಯಲ್ಲ! ಇವೇನು ಕಾಸೋ, ಗಾಮ್ ಹಣ್ಣೋ? ದಾರ ಕಟ್ಟಿ ಸೂರಿಗೆ ನೇತುಹಾಕು, ಚಳಿಗಾಲಕ್ಕೆ ತಿನ್ನೋಕಾಗುತ್ತೆ."

ಒಣಮೀನಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. ಮಾನ್‌ಸುವಿನ ಕಿವಿ ಕೆಂಪಾದವು. ಮರುದಿನವೇ ಆ ಪುಟ್ಟಿ ಕಾಸನ್ನು ಕಂಚುಗಾರನ ಕುಲುಮೆಗೆ ವಾಪಸು ಹಾಕಿಬಂದ.

ಅಲ್ಲಿಂದ ಮುಂದೆ ಕಿಲುಬಿನ ಕಾಲ. ಹಸಿರು ಕಿಲುಬು, ಕಪ್ಪು ಕಿಲುಬು, ಮಣ್ಣು ಕಚ್ಚಿದ್ದು, ನೀರು ಕಚ್ಚಿದ್ದು, ಎಲ್ಲವೂ ನಾಲಿಗೆ ತುದಿಯಲ್ಲೇ ಇದ್ದವು. ಒಂದೊಂದನ್ನೂ ಕಾಗದದಲ್ಲಿ ಸುತ್ತಿಟ್ಟ. ಬರಿಗೈಯಲ್ಲಿ ಮುಟ್ಟಿದವರ ಮೇಲೆ ಹರಿಹಾಯುತ್ತಿದ್ದ. "ಹೆತ್ತ ಮಗಳನ್ನೂ ಇಷ್ಟು ಜೋಪಾನ ಮಾಡಲಿಲ್ಲ" ಎಂದು ಓಕ್‌ಬುನ್ ಬಂದವರ ಮುಂದೆ ಹೇಳುತ್ತಿದ್ದಳು, ಕುರುಡುಕಾಸಿನಿಂದ ರೇಷ್ಮೆಯ ಮೇಲೆ ಗೀರೆಳೆಯುತ್ತ.

ಕಿಲುಬಿನ ರುಚಿ ಹಳತಾದ ಮೇಲೆ ಸಾಲಿನ ರುಚಿ ಹತ್ತಿತು. ಆ ಕಾಸುಗಳ ಬೆನ್ನಿನ ಮೇಲೆ ಟಂಕಸಾಲೆಯ ಗುರುತು, ಅದರ ಕೆಳಗೆ ಅಂಕಿ. ಒಂದೇ ಟಂಕಸಾಲೆಯ ಒಂದರಿಂದ ಹತ್ತರವರೆಗಿನ ಕಾಸುಗಳನ್ನೆಲ್ಲ ಒಟ್ಟುಗೂಡಿಸಬೇಕೆಂದು ಹೊರಟ. ಒಂಬತ್ತು ಮಾತ್ರ ಸಿಗಲಿಲ್ಲ. ಹತ್ತು ಕುಳಿಗಳ ಮರದ ಪೆಟ್ಟಿಗೆಯನ್ನು ತಾನೇ ಕೊರೆದು ಹನ್ನೊಂದು ವರ್ಷ ಕಾದ. ಒಂಬತ್ತನೆಯ ಕುಳಿ ಬಾಯಿ ತೆರೆದುಕೊಂಡೇ ಇತ್ತು.

ಮಲ್‌ಸುಕ್‌ಳಿಗೆ ಗಂಡು ಗೊತ್ತಾಗುವಾಗ, ಕೂಡಿಬರುತ್ತದೋ ಇಲ್ಲವೋ ಕೇಳಲು ಗಂಡಹೆಂಡಿರು ಬಾವಿ ಗಲ್ಲಿಯ ಹಾಮ್‌ಚಾಂಗ್ ಅಜ್ಜಿಯ ಮನೆಗೆ ಹೋದರು. ಮೈಮೇಲೆ ದೇವರು ಬರುವ ಮುದುಕಿ. ಐದು ಕಾಸನ್ನು ಮುಷ್ಟಿಯಲ್ಲಿ ಕುಲುಕಿ ಮಣೆಯ ಮೇಲೆ ಚೆಲ್ಲಿದಳು. ಒಂದು ಬೆನ್ನು ಮೇಲಾಗಿ ಬಿತ್ತು. ಅದೇ ಟಂಕಸಾಲೆ, ಕೆಳಗೆ ಒಂಬತ್ತು.

"ಹುಡುಗ ಒಳ್ಳೆಯವನು, ಅತ್ತೆಯ ನಾಲಿಗೆ ಮಾತ್ರ..." ಎಂದು ಅಜ್ಜಿ ಶುರುಮಾಡಿದಳು.

"ಅಜ್ಜಿ, ಆ ಕಾಸು ಕೊಡ್ತೀರಾ?"

ಓಕ್‌ಬುನ್ ಗಂಡನ ತೊಡೆ ಚಿವುಟಿದಳು.

"ನಿನ್ನ ಮಗಳ ಬಾಳು ಇಲ್ಲಿ ಬಿದ್ದಿದೆ, ನೀನು ಕಾಸು ನೋಡ್ತೀಯಾ?" ಎಂದು ಅಜ್ಜಿ ಗದರಿದಳು. ಆಮೇಲೆ ಯೋಚಿಸಿ, "ನನಗೆ ಐದು ಇರಬೇಕು. ಬದಲಿಗೆ ಒಂದು ತಾ. ಕೈಗೆ ಪಳಗಿದ್ದಾಗಿರಬೇಕು" ಎಂದಳು.

ಮಾನ್‌ಸು ತನ್ನಲ್ಲಿದ್ದ ಕಿಲುಬಿನ ಕಾಸುಗಳಲ್ಲಿ ಚೆಂದದ ಮೂರನ್ನು ತಂದ. ಅಜ್ಜಿ ಒಂದೊಂದನ್ನೂ ಚೆಲ್ಲಿ ನೋಡಿದಳು.

"ಮಣೆ ಕಚ್ಚಿಕೊಂಡು ಕೂತವೆ, ಉರುಳೋದೇ ಇಲ್ಲ. ಇವಕ್ಕೆ ಮನುಷ್ಯರ ಕೈ ಯಾವ ಕಾಲಕ್ಕೆ ತಾಗಿತ್ತೋ! ತಗೊಂಡು ಹೋಗು."

ಮನೆಗೆ ಬಂದು ಮುಖ ಇಳಿಬಿಟ್ಟು ಕೂತವನ ಮುಂದೆ ಓಕ್‌ಬುನ್ ಕುರುಡುಕಾಸು ಇಟ್ಟಳು. "ಇದು ಆಗುತ್ತಾ ನೋಡಿ."

"ನಿನ್ನ ಕೆಲಸಕ್ಕೆ?"

"ಚಮಚದ ಹಿಡಿ ಇದೆಯಲ್ಲ."

ಬಾವಿ ಗಲ್ಲಿಯಲ್ಲಿ ಅಜ್ಜಿ ಅದನ್ನು ಮಣೆಯ ಮೇಲೆ ಚೆಲ್ಲಿದಳು. ಅದು ಒಂದು ಸುತ್ತು ಉರುಳಿ ಮೆಲ್ಲಗೆ ಒರಗಿತು. ಅಜ್ಜಿ ಒಂಬತ್ತನ್ನು ತೆಗೆದುಕೊಟ್ಟಳು.

ಸಾಲು ಪೂರ್ತಿಯಾಯಿತು. ಪ್ಯೋ ಬಸ್ಸಿಳಿದು ನೆಟ್ಟಗೆ ಬಂದು, ಪೆಟ್ಟಿಗೆಗೆ ತಲೆ ಬಾಗಿಸಿ ನಮಸ್ಕರಿಸಿದ. ಇಬ್ಬರೂ ಮಧ್ಯಾಹ್ನವಿಡೀ ಕುಡಿದರು. ಮಲ್‌ಸುಕ್‌ಳ ಮದುವೆಯೂ ಆಯಿತು; ಅತ್ತೆಯ ನಾಲಿಗೆ ಅಜ್ಜಿ ಹೇಳಿದ ಹಾಗೇ ಇತ್ತು.

ಚಳಿಗಾಲ ಕಳೆದ ಮೇಲೆ ಒಂದು ದಿನ ಮಾನ್‌ಸುವಿಗೆ ಹೊಳೆಯಿತು: ಮೂರು ತಿಂಗಳಿಂದ ತಾನು ಆ ಪೆಟ್ಟಿಗೆ ತೆರೆದೇ ಇಲ್ಲ. ಕಾಯುವುದಕ್ಕೆ ಅದರೊಳಗೆ ಏನೂ ಉಳಿದಿರಲಿಲ್ಲ. ಪಕ್ಕದಲ್ಲಿ ಹೆಂಡತಿ ಚಮಚದ ಹಿಡಿಯಿಂದ ಬಟ್ಟೆಗೆ ಗೀರೆಳೆಯುತ್ತಿದ್ದಳು. ಅದರ ಸದ್ದು ಬೇರೆ. ಇಪ್ಪತ್ತು ವರ್ಷ ಕೇಳಿದ ಸದ್ದು ನಿಂತುಹೋಗಿದೆಯೆಂದು ಅವನಿಗೆ ಆಗ ಗೊತ್ತಾಯಿತು.

ಒಂದು ಸೇರು ಅಕ್ಕಿ ಹಿಡಿದು ಬಾವಿ ಗಲ್ಲಿಗೆ ಹೋದ.

"ಏನ್ ಕೇಳ್ಬೇಕು?" ಎಂದಳು ಅಜ್ಜಿ.

"ಏನಿಲ್ಲ. ಒಂದು ಸಲ ಚೆಲ್ಲಿ ಸಾಕು."

"ಏನೂ ಕೇಳದವನಿಗೆ ದೇವರು ಏನು ಹೇಳಬೇಕಯ್ಯಾ?"

ಚೆಲ್ಲಿದಳು. ಮಾನ್‌ಸು ಆ ಕಾಸನ್ನು ಮೊದಲ ಸಲ ಸರಿಯಾಗಿ ನೋಡಿದ. ಓಕ್‌ಬುನ್‌ಳ ಹೆಬ್ಬೆರಳು ಕೂತ ಕಡೆ ಸಣ್ಣ ತಗ್ಗು, ಬಟ್ಟೆಗೆ ತಾಗುವ ಅಂಚು ಇಳಿಜಾರು. ಮುಖ ಬೋಳು. ಬದುಕಿಡೀ ಅಕ್ಷರವನ್ನೇ ಓದಿದವನು ಅದನ್ನು ಎಷ್ಟೋ ಹೊತ್ತು ನೋಡುತ್ತ ಕೂತ. ಆಮೇಲೆ ತಿಂಗಳಿಗೊಮ್ಮೆ ಹೋಗುವುದು ರೂಢಿಯಾಯಿತು. "ನಿಮ್ಮ ಮನೆಯವನು ಅಜ್ಜಿಯನ್ನೇ ಮೆಚ್ಚಿದಾನೆ ಕಣೆ" ಎಂದು ಒಣಮೀನಿನವನ ಹೆಂಡತಿ ಓಕ್‌ಬುನ್‌ಳನ್ನು ಕೆಣಕುತ್ತಿದ್ದಳು.

ಮೂರನೆಯ ವರ್ಷ ಅಜ್ಜಿಗೆ ಮೊಣಕಾಲು ಎತ್ತಲಾಗದಾಯಿತು. ದೇವರನ್ನು ವಹಿಸಿಕೊಳ್ಳುವ ಶಿಷ್ಯೆ ಅವಳಿಗೆ ಸಿಕ್ಕಿರಲಿಲ್ಲ. ಹಾಗೆ ಸಿಗದವರು ತಮ್ಮ ಗಂಟೆ, ಬೀಸಣಿಗೆ, ಕಾಸನ್ನು ಗುಡ್ಡದಲ್ಲಿ ಹೂಳುತ್ತಾರೆ. ದೇವರು ಮುಂದೆ ಯಾರನ್ನು ಕರೆದರೆ ಅವರೇ ಅಗೆದುಕೊಳ್ಳಬೇಕು.

"ಬರೋ ಹುಣ್ಣಿಮೆಗೆ ಹೂಳಿಸ್ತೀನಿ" ಎಂದಳು ಅಜ್ಜಿ.

"ಆ ಒಂದನ್ನ ನನಗೆ ಬಿಟ್ಟುಬಿಡಿ. ಬದಲಿಗೆ ಬೇರೆ ಕೊಡ್ತೀನಿ."

"ಬೇರೆ ಯಾವುದೂ ಬೇಡ. ನನ್ನ ಗುರುವಮ್ಮ ಕೊಟ್ಟದ್ದು ನಿನ್ನ ಹತ್ತಿರ ಇದೆ. ಅದನ್ನ ತಂದಿಡು, ನಿನ್ನದನ್ನ ಒಯ್ಯಿ."

ಸುದ್ದಿ ಕೇಳಿದ ಪ್ಯೋ ಅಂಗಡಿಯ ಬಾಗಿಲಿಗೆ ಅಡ್ಡ ನಿಂತ. "ಅಣ್ಣಾ, ತಲೆ ನೆಟ್ಟಗಿದೆಯಾ? ಒಂಬತ್ತನ್ನ ಮಣ್ಣಿಗೆ ಹಾಕ್ತೀಯಾ? ಒಂದು ಕುರುಡುಕಾಸಿಗೋಸ್ಕರ? ಅಂಥವು ನನ್ನ ಹತ್ತಿರ ಡಬ್ಬಿಗಟ್ಟಲೆ ಇವೆ!"

"ಅವನ್ನ ಯಾರು ಸವೆಸಿದ್ದು?"

"ಯಾರಿಗೆ ಗೊತ್ತು?"

"ಇದರದ್ದು ನನಗೆ ಗೊತ್ತು. ಸರಿ, ದಾರಿ ಬಿಡು."

ಹುಣ್ಣಿಮೆಗೆ ಎರಡು ದಿನ ಮುಂಚೆ ಒಂಬತ್ತನ್ನು ಪೆಟ್ಟಿಗೆಯಿಂದ ತೆಗೆದು, ಸುತ್ತಿದ್ದ ಕಾಗದ ಬಿಚ್ಚಿ, ಬರಿಗೈಯಲ್ಲೇ ಹಿಡಿದುಕೊಂಡು ಹೋಗಿ ಅಜ್ಜಿಯ ಮಣೆಯ ಮೇಲಿಟ್ಟ. ಕುರುಡುಕಾಸು ಮನೆಗೆ ಬಂತು. ಓಕ್‌ಬುನ್ ಅದನ್ನು ತಿರುಗಿಸಿ ನೋಡಿ, ಹೆಬ್ಬೆರಳನ್ನು ತಗ್ಗಿಗೆ ಕೂರಿಸಿ, ತೊಡೆಯ ಮೇಲಿದ್ದ ಸೆಣಬಿನ ಬಟ್ಟೆಗೆ ಒಂದು ಗೀರೆಳೆದಳು.

"ಅಜ್ಜಿ ಅಂಚು ಕೆಡಿಸಿಲ್ಲ" ಎಂದಳು. ಚಮಚವನ್ನು ಅಡುಗೆಮನೆಗೆ ಕಳಿಸಿದಳು.

ಮುಂದಿನ ಶರತ್ಕಾಲದಲ್ಲಿ ಪ್ಯೋ ಒಂದು ಡಬ್ಬಿ ಸವೆದ ಕಾಸು ತಂದು, ಪುಕ್ಕಟೆ ಎಂದು ಸುರಿದ. ಮಾನ್‌ಸು ಕನ್ನಡಕ ಏರಿಸಿಕೊಂಡು ಒಂದೊಂದನ್ನೂ ಬೆರಳಿಗೆ ಕೂರಿಸಿ ನೋಡಿದ. ಕೊನೆಗೆ ಎಲ್ಲವನ್ನೂ ಡಬ್ಬಿಗೆ ಹಾಕಿ ವಾಪಸು ದೂಡಿದ.

"ಪುಕ್ಕಟೆ ಕೊಟ್ಟರೂ ಬೇಡವಾ? ಥೂ, ನಿನ್ನ ರುಚಿ ಹಿಡಿಯೋದು ಹೇಗಣ್ಣಾ?"

ಮಾನ್‌ಸು ಆಗಲೇ ಯಾರದೋ ಹೆಸರಿನ ಮುದ್ರೆಯ ಮೇಲೆ ಬಗ್ಗಿದ್ದ. ಒಂಬತ್ತನೆಯ ಕುಳಿ ಖಾಲಿಯಿದ್ದ ಪೆಟ್ಟಿಗೆಯಲ್ಲಿ ಈಗ ಓಕ್‌ಬುನ್ ಬಟ್ಟೆಗೆ ಹೊಲಿಯುವ ಗುಂಡಿಗಳನ್ನು ಇಡುತ್ತಿದ್ದಳು.